ಹಳೆ ಕೋವಿಯ ಮೇಲಿನ ಮುದ್ರೆ ಅಸಲಿಯೇ? ಕೊಳ್ಳುವ ಮುಂಚೆ ಪರೀಕ್ಷಿಸುವ ಬಗೆ

ಈಸ್ಟ್ ಇಂಡಿಯಾ ಕಂಪನಿ ಕಾಲದ ಕೋವಿಗೆ ಬೆಲೆ ಬರುವುದು ಬಹುಪಾಲು ಅದರ ಮೈಮೇಲಿನ ಗುರುತುಗಳಿಂದ. ಹೃದಯದ ಆಕಾರದ ಕಂಪನಿ ಮುದ್ರೆ, ಕಿರೀಟದ ಕೆಳಗೆ ಜಾರ್ಜ್ ದೊರೆಯನ್ನು ಸೂಚಿಸುವ ಜಿ.ಆರ್. ಅಕ್ಷರ, ಲಂಡನ್ ಟವರ್‌ನ ಶಸ್ತ್ರಾಗಾರವನ್ನು ಸೂಚಿಸುವ ‘ಟವರ್’ ಎಂಬ ಬರಹ, ಜೊತೆಗೊಂದು ಇಸವಿ. ಇಷ್ಟಿದ್ದರೆ ಮಾರುವವರು ಹೇಳುವ ಬೆಲೆಯೇ ಬೇರೆ. ಆದರೆ ಇಡೀ ಕೋವಿಯಲ್ಲಿ ನಕಲು ಮಾಡಲು ಎಲ್ಲಕ್ಕಿಂತ ಸುಲಭವಾದದ್ದೂ ಈ ಗುರುತೇ. ಹಳೆಯ ನಳಿಗೆ ಮಾಡುವುದು ಕಷ್ಟ. ಇನ್ನೂರು ವರ್ಷ ಕೈ ಸವೆಸಿದ ಮರದ ಹಿಡಿ ಮಾಡುವುದು ಇನ್ನೂ ಕಷ್ಟ. ಅಕ್ಷರ ಹೊಡೆಯಲು ಮಾತ್ರ ಒಂದು ಪಂಚ್, ಒಂದು ಸುತ್ತಿಗೆ ಸಾಕು.

ಹಾಗಾಗಿ ನನ್ನ ಸಲಹೆ ಒಂದೇ: ಮುದ್ರೆಯನ್ನು ಕೊನೆಗೆ ಓದಿ. ಮೊದಲು ಕಬ್ಬಿಣ, ಮರ, ಸ್ಕ್ರೂ ನೋಡಿ. ಅವು ಏನು ಹೇಳುತ್ತವೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಮುದ್ರೆ ಅದಕ್ಕೆ ಒಪ್ಪುತ್ತದೆಯೇ ನೋಡಿ. ಇಲ್ಲಿ ನಾನು ಮುಖ್ಯವಾಗಿ ಬ್ರಿಟಿಷ್ ಸೇನೆ ಮತ್ತು ಕಂಪನಿಯ ಚಕಮಕಿ ಕೋವಿ (ಕಲ್ಲು ಉಕ್ಕಿಗೆ ಬಡಿದ ಕಿಡಿಯಿಂದ ಹಾರುವುದು), ಕೇಪಿನ ಕೋವಿ (ಬಡಿದರೆ ಸಿಡಿಯುವ ಮದ್ದಿನ ಸಣ್ಣ ಟೋಪಿಯಿಂದ ಹಾರುವುದು), ವಿಕ್ಟೋರಿಯಾ ಕಾಲದ ಮಾರ್ಟಿನಿ-ಹೆನ್ರಿ ರೈಫಲ್‌ಗಳ ಬಗ್ಗೆ ಬರೆಯುತ್ತೇನೆ. ನಮ್ಮ ಕಡೆಯ ಹಳೆ ಮನೆಗಳಲ್ಲೂ, ಇಂಗ್ಲೆಂಡಿನ ಹರಾಜುಗಳಲ್ಲೂ ಕಣ್ಣಿಗೆ ಬೀಳುವ ಮಾದರಿಗಳು ಇವು.

ಮೊದಲ ಕೆಲಸ: ಕೋವಿ ಖಾಲಿ ಇದೆಯೇ?

ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬೇಡಿ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಗಳಲ್ಲಿ ಎಷ್ಟೋ ಸಲ ಮದ್ದು, ಗುಂಡು ಹಾಗೇ ಉಳಿದಿರುತ್ತದೆ. ನೂರು ವರ್ಷ ಗೋಡೆಗೆ ತೂಗಿದ್ದರೂ ಒಣಗಿದ ಕರಿಮದ್ದು ಹೊತ್ತಿಕೊಳ್ಳಬಲ್ಲದು.

ಪರೀಕ್ಷೆ ಸುಲಭ. ಕೋವಿಯ ಬಾಯಿ ಯಾರ ಕಡೆಗೂ ತಿರುಗಿರಬಾರದು, ನಿಮ್ಮ ಮುಖವೂ ಅದರ ಎದುರಿಗೆ ಬರಬಾರದು. ಒಂದು ಸಪೂರ ಮರದ ಕೋಲನ್ನು ನಳಿಗೆಯೊಳಗೆ ನಿಧಾನವಾಗಿ ಇಳಿಸಿ. ಅದು ನಿಂತಾಗ ನಳಿಗೆಯ ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಕೋಲನ್ನು ಹೊರಗೆ ತೆಗೆದು, ಗುರುತನ್ನು ಬಾಯಿಗೆ ಸರಿಯಾಗಿ ಹಿಡಿದು ನಳಿಗೆಯ ಮೇಲೆ ಹೊರಗಿನಿಂದ ಇಡಿ. ಕೋಲಿನ ತುದಿ ಹಿಂಬದಿಯ ಕಿವಿತೂತಿನವರೆಗೆ (ಒಳಗಿನ ಮದ್ದಿಗೆ ಬೆಂಕಿ ಹಾಯುವ ಸಣ್ಣ ತೂತು) ಬಂದರೆ ಒಳಗೆ ಖಾಲಿ. ಒಂದೆರಡು ಇಂಚು ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಆಗ ಕೋವಿಯನ್ನು ಕೆಳಗಿಡಿ. ಕೆರೆದು ತೆಗೆಯಲು ಹೋಗಬೇಡಿ, ಕಾಯಿಸಬೇಡಿ. ಕೋವಿ ರಿಪೇರಿಯ ಲೈಸೆನ್ಸ್ ಇರುವವರಿಗೇ ಬಿಡಿ. ಮಾರ್ಟಿನಿ-ಹೆನ್ರಿಯಂಥ ತೋಟಾ ಕೋವಿಯಾದರೆ ಕೆಳಗಿನ ಲಿವರ್ ಎಳೆದು, ತೋಟಾ ಕೂರುವ ಜಾಗವನ್ನು ಕಣ್ಣಾರೆ ನೋಡಿ.

ಕೈಗೆ ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಸಣ್ಣ ಟಾರ್ಚ್, ಅಳತೆ ಟೇಪು, ವರ್ನಿಯರ್, ಒಣ ಹತ್ತಿ ಬಟ್ಟೆ, ಫೋನ್ ಕ್ಯಾಮೆರಾ. ಅಷ್ಟು ಸಾಕು. ಟಾರ್ಚನ್ನು ನೇರವಾಗಿ ಬಿಡಬೇಡಿ. ಲೋಹಕ್ಕೆ ಒರಗಿದಂತೆ ಪಕ್ಕದಿಂದ ಬೆಳಕು ಹಾಯಿಸಿ. ಅರ ಹಾಕಿದ ಗೆರೆ, ತಗ್ಗು, ಅಳಿಸಿದ ಅಕ್ಷರದ ನೆರಳು ಎಲ್ಲವೂ ಆಗ ಎದ್ದು ಕಾಣುತ್ತವೆ.

ಮುದ್ರೆ ಬಿಟ್ಟು ಉಳಿದ ಮೈ ನೋಡುವುದು

ದೂರದಿಂದ ಶುರು ಮಾಡಿ. ತುಕ್ಕಿನ ಬಣ್ಣ ಎಲ್ಲ ಕಡೆ ಹೊಂದುತ್ತದೆಯೇ? ವಯಸ್ಸಾದ ಕಬ್ಬಿಣದ ಮೇಲಿನ ತುಕ್ಕು ಕಂದು-ಕಪ್ಪಾಗಿ, ಗಟ್ಟಿಯಾಗಿ, ನಯವಾಗಿ ಕೂತಿರುತ್ತದೆ. ಕೈ ಹಿಡಿಯುವ ಜಾಗದಲ್ಲಿ ಕಡಿಮೆ, ಮರದ ಅಂಚಿನಲ್ಲಿ ಜಾಸ್ತಿ. ಆಸಿಡ್ ಅಥವಾ ಉಪ್ಪುನೀರು ಹಾಕಿ ಬರಿಸಿದ ತುಕ್ಕು ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ. ಎಲ್ಲೆಡೆ ಒಂದೇ ಸಮ ಹರಡಿರುತ್ತದೆ, ಬಟ್ಟೆಗೆ ಪುಡಿಯಾಗಿ ಹತ್ತುತ್ತದೆ. ಸ್ಕ್ರೂ ತಲೆಯ ಸೀಳಿನೊಳಗೂ ಅದೇ ಬಣ್ಣದ ಹೊಸ ತುಕ್ಕು ಇದ್ದರೆ ಅನುಮಾನ ಪಡಿ.

ಆಮೇಲೆ ಅಳತೆ. ಬ್ರಿಟಿಷ್ ಸೇನೆ 1790ರ ದಶಕದಲ್ಲಿ ಕಂಪನಿಯಿಂದಲೇ ತೆಗೆದುಕೊಂಡ ‘ಇಂಡಿಯಾ ಪ್ಯಾಟರ್ನ್’ ಕೋವಿಯ ನಳಿಗೆ 39 ಇಂಚು. ಅದಕ್ಕೂ ಹಿಂದಿನ ‘ಶಾರ್ಟ್ ಲ್ಯಾಂಡ್’ ಮಾದರಿಯದು 42 ಇಂಚು. ನಳಿಗೆಯ ತೂತು ಸುಮಾರು ಮುಕ್ಕಾಲು ಇಂಚು. 30 ಇಂಚಿನ ನಳಿಗೆ ತೋರಿಸಿ ‘ಇದು ಅಪರೂಪದ ಕುದುರೆ ಸವಾರರ ಕೋವಿ’ ಅಂದರೆ ತಕ್ಷಣ ತಲೆ ಆಡಿಸಬೇಡಿ. ಬಹಳ ಸಲ ಅದು ಯಾರೋ ಕತ್ತರಿಸಿದ ಉದ್ದ ಕೋವಿ. ಕತ್ತರಿಸಿದ್ದಕ್ಕೆ ಸಾಕ್ಷಿ ಮರದಲ್ಲಿ ಸಿಗುತ್ತದೆ. ಮದ್ದು ಜಡಿಯುವ ಗಜದ ಕಡ್ಡಿ ತೂರುವ ಹಿತ್ತಾಳೆ ಕೊಳವೆಗಳ ನಡುವಿನ ಅಂತರ ಏರುಪೇರಾಗಿರುತ್ತದೆ. ಒಂದು ಕೊಳವೆ ಕಿತ್ತ ಜಾಗಕ್ಕೆ ಮರದ ತುಂಡು ತುಂಬಿರುತ್ತಾರೆ. ಬಯೊನೆಟ್ ಸಿಕ್ಕಿಸುವ ಗುಬಟು ಬಾಯಿಯಿಂದ ಇರಬೇಕಾದ ದೂರದಲ್ಲಿ ಇರುವುದಿಲ್ಲ, ಅಥವಾ ಹೊಸದಾಗಿ ಬೆಸೆದಿರುತ್ತಾರೆ.

ಮಾರುವವರು ಒಪ್ಪಿದರೆ ಲಾಕನ್ನು, ಅಂದರೆ ಮದ್ದಿಗೆ ಬೆಂಕಿ ಹೊತ್ತಿಸುವ ಯಂತ್ರವನ್ನು, ಬಿಚ್ಚಿಸಿ ನೋಡಿ. ನೀವೇ ಬಿಚ್ಚಬೇಡಿ, ಅವರ ಕೈಯಲ್ಲೇ ಬಿಚ್ಚಿಸಿ. ಕೋವಿಯ ಒಳಗನ್ನು ಮೋಸಗಾರರು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಕೈಯಿಂದ ಮಾಡಿದ ಲಾಕ್‌ನ ಬಿಡಿಭಾಗಗಳ ಮೇಲೆ ಜೋಡಿಸುವಾಗ ಹಾಕಿದ ಸಣ್ಣ ಗೀರು, ಚುಕ್ಕೆ ಅಥವಾ ರೋಮನ್ ಅಂಕಿ ಇರುವುದುಂಟು. ಅವು ಒಂದಕ್ಕೊಂದು ತಾಳೆಯಾಗುತ್ತವೆಯೇ ನೋಡಿ. ಮರದಲ್ಲಿ ಲಾಕ್ ಕೂರಲು ಕೊರೆದ ಗುಳಿ ಲಾಕ್‌ನ ಆಕಾರಕ್ಕೆ ಹೊಂದಬೇಕು. ಗುಳಿಯಲ್ಲಿ ಬೇಡದ ಖಾಲಿ ಜಾಗ ಇದ್ದರೆ ಮೊದಲು ಅಲ್ಲಿ ಬೇರೆ ಲಾಕ್ ಕೂತಿತ್ತು ಎಂದು ಅರ್ಥ. ಸ್ಕ್ರೂವಿನ ಮರೆಗಳು (ಸುತ್ತುಗೆರೆಗಳು) ಇಂದಿನ ಮೆಟ್ರಿಕ್ ಅಳತೆಗೆ ಕರಾರುವಾಕ್ಕಾಗಿದ್ದರೆ ಆ ಸ್ಕ್ರೂ ಅಂತೂ ಹಳೆಯದಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಭಾಗ ಬದಲಾಗಿದೆ ಎಂದ ಮಾತ್ರಕ್ಕೆ ಮೋಸ ಅಲ್ಲ. ಸೇನೆಯಲ್ಲಿ ಹತ್ತಾರು ವರ್ಷ ದುಡಿದ ಕೋವಿಗಳು ರಿಪೇರಿ ಆಗಿಯೇ ಇರುತ್ತವೆ. ಆ ಕಾಲದ ರಿಪೇರಿಯಾದರೆ ಬದಲಾದ ಭಾಗದ ಮೇಲೂ, ಅಕ್ಕಪಕ್ಕದ ಕಬ್ಬಿಣದ ಮೇಲೂ ಸವಕಳಿ ಒಂದೇ ಹರಿವಿನಲ್ಲಿ ಸಾಗಿರುತ್ತದೆ. ಮೊನ್ನೆ ಮೊನ್ನೆ ಮಾಡಿದ ಕೆಲಸದಲ್ಲಿ ಸವಕಳಿ ಆ ಜೋಡಣೆಯ ಗೆರೆಯಲ್ಲಿ ಥಟ್ಟನೆ ನಿಲ್ಲುತ್ತದೆ.

ಈಗ ಭೂತಗನ್ನಡಿ: ಅಕ್ಷರವನ್ನು ಓದಬೇಡಿ, ಅದರ ಅಂಚು ನೋಡಿ

ಚಕಮಕಿ ಕಾಲದ ಬ್ರಿಟಿಷ್ ಕೋವಿಯಲ್ಲಿ ಎರಡು ಬಗೆಯ ಗುರುತು ಇರುತ್ತವೆ. ಲಾಕ್ ಪಟ್ಟಿಯ ಮೇಲಿನ ಕಿರೀಟ, ಜಿ.ಆರ್., ಟವರ್ ಇವು ಉಳಿಯಿಂದ ಕೆತ್ತಿದವು. ನಳಿಗೆಯ ಹಿಂಭಾಗದಲ್ಲಿರುವ ಪರೀಕ್ಷಾ ಮುದ್ರೆಗಳು (ನಳಿಗೆ ಮದ್ದಿನ ಒತ್ತಡ ತಡೆಯುತ್ತದೆ ಎಂದು ಪರೀಕ್ಷಿಸಿ ಹಾಕಿದವು) ಪಂಚ್‌ನಿಂದ ಹೊಡೆದವು. ಕೆತ್ತಿದ ಗೆರೆ ಶುರುವಿನಲ್ಲಿ ಸಣ್ಣಗಿದ್ದು, ನಡುವೆ ಆಳವಾಗಿ, ತುದಿಯಲ್ಲಿ ಮತ್ತೆ ಸಣ್ಣಗಾಗುತ್ತದೆ. ಹೊಡೆದ ಮುದ್ರೆಗೆ ಎಲ್ಲ ಕಡೆ ಒಂದೇ ಆಳ, ಚೂಪಾದ ಗೋಡೆ. ಪಂಚ್ ಓರೆಯಾಗಿ ಬಿದ್ದಿದ್ದರೆ ಒಂದು ಪಕ್ಕ ಆಳ, ಇನ್ನೊಂದು ಪಕ್ಕ ಮೇಲು. ಅದು ಸಹಜ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿನಲ್ಲಿ ಮಾತ್ರ ಗೆರೆಯ ಅಂಚು ಕರಗಿದ ಬೆಲ್ಲದ ಹಾಗೆ ಮೊಂಡಾಗಿರುತ್ತದೆ, ತಳದಲ್ಲಿ ಸಣ್ಣ ಗುಳ್ಳೆಯ ತೂತುಗಳು ಕಾಣುತ್ತವೆ.

ಪಂಚ್ ಹೊಡೆದಾಗ ಲೋಹ ಪಕ್ಕಕ್ಕೆ ಸರಿದು ಅಕ್ಷರದ ಸುತ್ತ ಒಂದು ಸಣ್ಣ ಏಣು ಏಳುತ್ತದೆ. ವರ್ಷಾನುಗಟ್ಟಲೆ ಒರೆಸಿ, ಉಜ್ಜಿ ಆ ಏಣು ಸವೆದು ಸಪಾಟಾಗುತ್ತದೆ. ಉಗುರು ಆಡಿಸಿ ನೋಡಿ. ಉಳಿದ ನಳಿಗೆಯೆಲ್ಲ ಸವೆದಿದ್ದು, ಮುದ್ರೆಯ ಏಣು ಮಾತ್ರ ಉಗುರಿಗೆ ತಗುಲಿದರೆ ಆ ಮುದ್ರೆ ಆಮೇಲೆ ಬಿದ್ದದ್ದು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ತುಕ್ಕಿನ ಗುಂಡಿಗಳು. ಹಳೆ ಕಬ್ಬಿಣದಲ್ಲಿ ಅಲ್ಲಲ್ಲಿ ತುಕ್ಕು ತಿಂದ ಸಣ್ಣ ಗುಂಡಿ ಇದ್ದೇ ಇರುತ್ತದೆ. ಮುದ್ರೆ ಮೊದಲೇ ಇದ್ದಿದ್ದರೆ ತುಕ್ಕು ಅದನ್ನೂ ಬಿಟ್ಟಿರುವುದಿಲ್ಲ. ಅಕ್ಷರದ ಗೋಡೆಯೇ ಅಲ್ಲಲ್ಲಿ ತಿಂದುಹೋಗಿರುತ್ತದೆ. ಮುದ್ರೆ ಆಮೇಲೆ ಬಿದ್ದಿದ್ದರೆ ಅಕ್ಷರ ಗುಂಡಿಯನ್ನು ಕತ್ತರಿಸಿಕೊಂಡು ಹಾದಿರುತ್ತದೆ. ಸುತ್ತಲೂ ಗುಂಡಿ, ಅಕ್ಷರದ ತಳ ಮಾತ್ರ ನಯ, ಕೆಲವೊಮ್ಮೆ ಹೊಳಪು. ಇದನ್ನು ಮುಚ್ಚಿಡುವುದು ಬಹಳ ಕಷ್ಟ. ನನಗೆ ಒಂದೇ ಪರೀಕ್ಷೆಗೆ ಅವಕಾಶ ಕೊಟ್ಟರೆ ಇದನ್ನೇ ಮಾಡುತ್ತೇನೆ.

ಲಾಕ್ ಪಟ್ಟಿಯದು ಇನ್ನೊಂದು ಕಥೆ. ಅದನ್ನು ಮೆದುವಾಗಿದ್ದಾಗಲೇ ಕೆತ್ತಿ, ಆಮೇಲೆ ಕಾಯಿಸಿ ಮೇಲ್ಮೈ ಗಟ್ಟಿ ಮಾಡುತ್ತಿದ್ದರು. ಗಟ್ಟಿಯಾದ ಮೇಲೆ ಕೆತ್ತಲು ಹೋದರೆ ಉಳಿ ಜಾರುತ್ತದೆ, ಗೆರೆ ಗೀಚಿದ ಹಾಗೆ ಬರುತ್ತದೆ. ಗೆರೆಯ ಪಕ್ಕದಲ್ಲಿ ಜಾರಿದ ಗೀರುಗಳಿದ್ದರೆ ಗುರುತು ಮಾಡಿಕೊಳ್ಳಿ.

ಹಳೆಯ ಗುರುತು ಅಳಿಸಿ ಹೊಸದು ಹಾಕಿದ್ದಾರೆಯೇ ಎಂದು ನೋಡಲು ಕಿಟಕಿಯ ಬೆಳಕು ನಳಿಗೆಯ ಉದ್ದಕ್ಕೂ ಬೀಳುವಂತೆ ಕೋವಿಯನ್ನು ಹಿಡಿದು ಮೆಲ್ಲಗೆ ತಿರುಗಿಸಿ. ಬೆಳಕಿನ ಗೆರೆ ನೇರವಾಗಿ ಹರಿಯಬೇಕು. ಅಕ್ಷರವಿರುವ ಕಡೆ ಅದು ಬಳುಕಿದರೆ ಅಲ್ಲಿ ಅರ ಹಾಕಿ ತಗ್ಗು ಮಾಡಿದ್ದಾರೆ. ಪಕ್ಕದ ಮುದ್ರೆ ಅರ್ಧ ಮಾಸಿ, ಹೊಸದು ಮಾತ್ರ ಆಳವಾಗಿದ್ದರೂ ಅದೇ ಕಥೆ.

ಇಸವಿಗಳು ಒಂದಕ್ಕೊಂದು ಜಗಳ ಆಡುತ್ತಿವೆಯೇ?

ಮುದ್ರೆ ಓದುವ ಹೊತ್ತು ಈಗ ಬಂತು. ಮೋಸಗಾರರು ಚಂದದ ಮುದ್ರೆ ಹೊಡೆಯಬಲ್ಲರು, ಆದರೆ ಇತಿಹಾಸ ಓದಲು ಪುರುಸೊತ್ತು ಮಾಡಿಕೊಳ್ಳುವುದು ಕಡಿಮೆ. ಕೆಲವು ವಿಷಯ ನೆನಪಿಟ್ಟುಕೊಂಡರೆ ಬಹಳಷ್ಟು ನಕಲು ಅಲ್ಲೇ ಸಿಕ್ಕಿಬೀಳುತ್ತವೆ.

ಬ್ರಿಟಿಷ್ ಸೇನೆಯ ಲಾಕ್‌ಗಳ ಮೇಲೆ ಮಾಡಿದವರ ಹೆಸರು, ಇಸವಿ ಹಾಕುವುದನ್ನು 1764ರಲ್ಲಿ ನಿಲ್ಲಿಸಿದರು. ಅಲ್ಲಿಂದ ಚಕಮಕಿ ಕಾಲ ಮುಗಿಯುವವರೆಗೆ ಬರೀ ‘ಟವರ್’. ಆದ್ದರಿಂದ ‘ಟವರ್ 1799’ ಎಂದು ಕೆತ್ತಿದ ಸೇನೆಯ ಲಾಕ್ ಕಂಡರೆ ನಿಲ್ಲಿ. ಶ್ರೀರಂಗಪಟ್ಟಣ ಬಿದ್ದ ವರ್ಷವೇ ಅಲ್ಲಿರುವುದು ಕಾಕತಾಳೀಯ ಅಲ್ಲ, ಆ ಇಸವಿಗೆ ಬೆಲೆ ಇದೆ ಅಂತಲೇ ಹಾಕಿರುತ್ತಾರೆ. ಕಂಪನಿಯ ಕೋವಿಗಳ ಪದ್ಧತಿ ಬೇರೆ. 1771ರಲ್ಲಿ ಜೇಮ್ಸ್ ವಿಂಡಸ್ ಎಂಬ ಕ್ಯಾಪ್ಟನ್ ಕಂಪನಿಯ ಕೋವಿ ತಪಾಸಣೆಗೆ ಬಂದ. ಆ ಕಾಲದ ಕಂಪನಿ ಲಾಕ್‌ಗಳಲ್ಲಿ ಮಾಡಿದವರ ಹೆಸರು, ಇಸವಿ ಎರಡೂ ಸಿಗುತ್ತವೆ.

ಕಂಪನಿಯ ಹೃದಯದ ಮುದ್ರೆ ನಾಲ್ಕು ಭಾಗವಾಗಿದ್ದು, ಅದರೊಳಗೆ ವಿ, ಇ, ಐ, ಸಿ ಅಕ್ಷರಗಳು, ಮೇಲೆ ನಾಲ್ಕರ ಅಂಕಿಯಂಥ ಗುರುತು. ಸುಮಾರು 1808ರಿಂದ ಇದರ ಬದಲು ಕಿರೀಟ ಹಿಡಿದು ನಿಂತ ಸಿಂಹದ ಮುದ್ರೆ ಬಂತು. ಹೃದಯದ ಮುದ್ರೆಯ ಜೊತೆಗೆ 1857 ಅಂತ ಬರೆದ ಪಿಸ್ತೂಲು ತೋರಿಸಿ ‘ದಂಗೆಯ ಕಾಲದ್ದು’ ಅಂದರೆ ನಂಬಬೇಡಿ. 1858ರಲ್ಲಿ ಕಂಪನಿ ಆಡಳಿತವೇ ಮುಗಿಯಿತು. ಅದರ ಕೊನೆಯ ಐವತ್ತು ವರ್ಷದ ಕೋವಿಗಳಲ್ಲಿ ಇರಬೇಕಾದ್ದು ಸಿಂಹ.

ಲಾಕ್‌ನ ‘ಕುದುರೆ’ಯ ಆಕಾರವೂ ಕಾಲ ಹೇಳುತ್ತದೆ. ಕಲ್ಲು ಕಚ್ಚಿ ಹಿಡಿಯುವ ಕುದುರೆ ಮೊದಲು ಹಂಸದ ಕತ್ತಿನಂತೆ ಬಾಗಿರುತ್ತಿತ್ತು. ಅದು ಮುರಿಯುತ್ತಿತ್ತು ಅಂತ 1809ರ ಸುಮಾರಿಗೆ ಕತ್ತಿನ ಜಾಗದಲ್ಲಿ ಉಂಗುರದಂತೆ ತೂತಿರುವ ಗಟ್ಟಿ ಕುದುರೆ ತಂದರು. ಇಂಥ ಕುದುರೆ ಇರುವ ಕೋವಿಯನ್ನು ‘ಟಿಪ್ಪು ಯುದ್ಧದಲ್ಲಿ ಬಳಸಿದ್ದು’ ಎನ್ನುವವರಿಗೆ ಕನಿಷ್ಠ ಕುದುರೆ ಯಾವಾಗ ಬದಲಾಯಿತು ಎಂದು ಕೇಳಿ.

ನಳಿಗೆಯ ಮುದ್ರೆಯೂ ಅಷ್ಟೇ. ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ ಶುರುವಾದದ್ದು 1813ರಲ್ಲಿ. ಅದರ ಮುದ್ರೆಯಲ್ಲಿ ಕಿರೀಟ, ಅಡ್ಡಡ್ಡ ಇಟ್ಟ ರಾಜದಂಡಗಳ ಜೊತೆ ಬಿ.ಪಿ.ಸಿ. ಅಕ್ಷರ ಇರುತ್ತದೆ. ಇದು ಇದ್ದ ನಳಿಗೆ 1790ರ ದಶಕದಲ್ಲಿ ಅಲ್ಲಿ ಪರೀಕ್ಷೆ ಆಗಿರಲು ಸಾಧ್ಯವೇ ಇಲ್ಲ. ಸರ್ಕಾರದ ಸ್ವತ್ತು ಎಂದು ಹೇಳುವ ಅಗಲ ಬಾಣದ ಗುರುತುಗಳು ಎರಡು ತುದಿಗೆ ತುದಿ ತಾಗುವಂತೆ ಇದ್ದರೆ ಸರ್ಕಾರ ಆ ಕೋವಿಯನ್ನು ಸೇನೆಯಿಂದ ತೆಗೆದು ಮಾರಿದೆ ಎಂದು ಅರ್ಥ. ಇದು ಒಳ್ಳೆಯ, ಪ್ರಾಮಾಣಿಕ ಗುರುತು.

ಕೇಪಿಗೆ ಬದಲಾಗಿ, ಮತ್ತೆ ಚಕಮಕಿಗೆ ಮರಳಿದ ಕೋವಿ

ದುಡ್ಡು ಜಾಸ್ತಿ ಕಳೆದುಕೊಳ್ಳುವುದು ಇಲ್ಲಿ. 1840ರ ಹೊತ್ತಿಗೆ ಚಕಮಕಿ ಹೋಗಿ ಕೇಪು ಬಂತು. ಆಗ ಸಾವಿರಾರು ಚಕಮಕಿ ಕೋವಿಗಳನ್ನು ಕೇಪಿಗೆ ಬದಲಾಯಿಸಿದರು. ಇಂದು ಚಕಮಕಿಗೆ ಬೆಲೆ ಜಾಸ್ತಿ. ಹಾಗಾಗಿ ಬದಲಾದ ಕೋವಿಯನ್ನು ತಿರುಗಿ ಚಕಮಕಿ ಮಾಡಿ, ‘ಹುಟ್ಟಿದಾಗಿನ ಸ್ಥಿತಿಯಲ್ಲೇ ಇದೆ’ ಎಂದು ಮಾರುತ್ತಾರೆ.

ಕಿವಿತೂತಿನ ಸುತ್ತ ನೋಡಿ. ಚಕಮಕಿ ಕೋವಿಯಲ್ಲಿ ಪ್ರತಿ ಸಲ ರಂಜಕ (ಬಟ್ಟಲಿನಲ್ಲಿ ಹಾಕುವ, ಕಿಡಿ ಹಿಡಿಯುವ ಮದ್ದು) ಉರಿದಾಗ ತೂತಿನ ಬಾಯಿಯನ್ನೂ, ಪಕ್ಕದ ಬಟ್ಟಲನ್ನೂ ಬೆಂಕಿ ತಿನ್ನುತ್ತದೆ. ಎರಡೂ ಒಟ್ಟಿಗೆ ಸವೆಯಬೇಕು. ನಳಿಗೆ ತಿಂದುಹೋಗಿದ್ದು ಬಟ್ಟಲು ನುಣ್ಣಗಿದ್ದರೆ ಬಟ್ಟಲು ಹೊಸದು. ಕೇಪಿಗಾಗಿ ದೊಡ್ಡ ತೂತು ಕೊರೆದಿದ್ದನ್ನು ಆಮೇಲೆ ಲೋಹ ತುಂಬಿ ಮುಚ್ಚಿ, ನಡುವೆ ಸಣ್ಣ ತೂತು ಹಾಕಿರುತ್ತಾರೆ. ಓರೆ ಬೆಳಕಿನಲ್ಲಿ ಆ ದುಂಡನೆಯ ಬೆಸುಗೆಯ ಗೆರೆ ಕಾಣುತ್ತದೆ. ಕೇಪಿನ ಮದ್ದು ಕಬ್ಬಿಣಕ್ಕೆ ಬಹಳ ಕೆಟ್ಟದ್ದು. ಅದು ಮೇಲಕ್ಕೂ ಹಿಂದಕ್ಕೂ ಚಿಮ್ಮಿ ನಳಿಗೆಯ ಹಿಂಭಾಗದ ಮೇಲ್ಗಡೆ ದಟ್ಟ ಗುಂಡಿಗಳನ್ನು ಮಾಡುತ್ತದೆ. ಚಕಮಕಿ ಕೋವಿಯಲ್ಲಿ ಆ ಜಾಗದಲ್ಲಿ ಅಷ್ಟು ಗುಂಡಿ ಯಾಕಿದೆ ಅಂತ ಕೇಳಿಕೊಳ್ಳಿ.

ಲಾಕ್ ಪಟ್ಟಿಯಲ್ಲಿ ಕಿಡಿ ಹಾರಿಸುವ ಉಕ್ಕಿನ ಮುಚ್ಚಳ, ಅದರ ಸ್ಪ್ರಿಂಗ್ ಕೂರುವ ತೂತುಗಳನ್ನು ಕೇಪಿಗೆ ಬದಲಾಯಿಸುವಾಗ ಮುಚ್ಚುತ್ತಿದ್ದರು. ಆ ಮುಚ್ಚಿದ ತೂತುಗಳು ಪಟ್ಟಿಯ ಒಳಮೈಯಲ್ಲಿ ಈಗಲೂ ದುಂಡನೆ ನೆರಳಾಗಿ ಕಾಣುತ್ತವೆ. ಪಕ್ಕದಲ್ಲೇ ಹೊಸ ತೂತು ಇದ್ದರೆ ಬೇರೆ ಸಾಕ್ಷಿ ಬೇಡ. ತಿರುಗಿ ಚಕಮಕಿ ಮಾಡಿದ್ದು ತಪ್ಪೇನಲ್ಲ, ಒಳ್ಳೆಯ ಕೆಲಸಗಾರರು ಮಾಡಿದರೆ ನೋಡಲೂ ಚಂದ. ಹೇಳದೆ ಮಾರುವುದು ತಪ್ಪು.

ಇಂದಿನ ಕಾರ್ಖಾನೆಯ ಕೋವಿ, ಹಳೆಯ ವೇಷದಲ್ಲಿ

ಜಪಾನಿನ ಮಿರೊಕು, ಇಟಲಿಯ ಪೆಡರ್ಸೋಲಿ ಕಾರ್ಖಾನೆಗಳು ಬ್ರೌನ್ ಬೆಸ್ ಕೋವಿಯ (ಬ್ರಿಟಿಷ್ ಸೇನೆಯ ಚಕಮಕಿ ಕೋವಿಯ ಅಡ್ಡಹೆಸರು) ಒಳ್ಳೆಯ ಮರುತಯಾರಿಕೆ ಮಾಡಿವೆ. ಅವರು ಮೋಸ ಮಾಡಿಲ್ಲ, ಹೊಸದೆಂದೇ ಮಾರಿದ್ದು. ಆಮೇಲೆ ಕೈ ಬದಲಾದಾಗ ಕಾರ್ಖಾನೆಯ ಹೆಸರು ಅರ ಹಾಕಿ ಅಳಿಸಿ ಹಳೆಯದೆಂದು ಮಾರುವವರಿದ್ದಾರೆ. ಪೆಡರ್ಸೋಲಿ ಕೋವಿಯ ಲಾಕ್ ಮೇಲೆ ‘ಗ್ರೈಸ್ 1762’ ಎಂದಿರುತ್ತದೆ. ಇದೇ ಬರಹದ ಲಾಕ್ ಕಂಡರೆ ನಳಿಗೆಯ ಅಡಿಭಾಗ ನೋಡದೆ ಕೊಳ್ಳಬೇಡಿ. ಇಟಲಿಯ ಪರೀಕ್ಷಾ ಮುದ್ರೆ, ಕರಿಮದ್ದಿಗೆ ಮಾತ್ರ ಎನ್ನುವ ಎಚ್ಚರಿಕೆ ಅಲ್ಲೋ ಪಕ್ಕದಲ್ಲೋ ಇರುತ್ತದೆ, ಇಲ್ಲವೇ ಅಳಿಸಿದ ತಗ್ಗು ಇರುತ್ತದೆ.

ಖೈಬರ್ ಕಡೆಯ ಮಾರ್ಟಿನಿಗಳು

ಇಂದಿನ ಪಾಕಿಸ್ತಾನದ ಪೇಶಾವರ ಮತ್ತು ಕೊಹಾಟ್ ನಡುವಿನ ದರ್ರಾ ಆದಂ ಖೇಲ್‌ನಲ್ಲಿ, ಅಫ್ಘಾನ್ ಗಡಿಯ ಬೇರೆ ಊರುಗಳಲ್ಲಿ ಬ್ರಿಟಿಷ್ ರೈಫಲ್‌ಗಳನ್ನು ನೋಡಿ ನೋಡಿ ಕೈಯಿಂದಲೇ ಮಾಡಿದ ಕಮ್ಮಾರರಿದ್ದಾರೆ. ಇಂಗ್ಲಿಷ್ ಓದಲು ಬಾರದಿದ್ದರೂ ಅಕ್ಷರವನ್ನು ಚಿತ್ರದಂತೆ ನಕಲು ಮಾಡಿದರು. ಆದ್ದರಿಂದ ‘ಎನ್’ ಅಕ್ಷರ ತಿರುವುಮುರುವಾಗಿರುತ್ತದೆ. ‘ಎನ್‌ಫೀಲ್ಡ್’ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟಿರುತ್ತದೆ, ಅಥವಾ ಅದಲು ಬದಲಾಗಿರುತ್ತದೆ. ಸಾಲು ನೇರ ಇರುವುದಿಲ್ಲ. ಅಫ್ಘಾನಿಸ್ತಾನಕ್ಕೆ ಹೋದ ಸೈನಿಕರು ನೆನಪಿಗೆಂದು ಇವನ್ನು ಕೊಂಡು ಇಂಗ್ಲೆಂಡ್, ಅಮೆರಿಕಕ್ಕೆ ಒಯ್ದಿದ್ದಾರೆ. ಅಲ್ಲಿರುವ ನಮ್ಮವರು ಜಾಸ್ತಿ ಹುಷಾರಾಗಿರಬೇಕು.

ಇಸವಿ ನೋಡುವುದು ಎಲ್ಲಕ್ಕಿಂತ ಬೇಗ ಆಗುವ ಪರೀಕ್ಷೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿ 22ರಂದು. ವಿ.ಆರ್. ಅಕ್ಷರದ ಕೆಳಗೆ 1905, 1907 ಅಂತ ಇದ್ದರೆ ಅದು ನಕಲು. ಮಾರ್ಟಿನಿ-ಹೆನ್ರಿ ಸೇನೆಗೆ ಬಂದದ್ದು 1871ರಲ್ಲಿ. ಅದರ ಮೇಲೆ 1860ರ ದಶಕದ ಇಸವಿ ಕೂರುವುದಿಲ್ಲ. ತಪಾಸಣೆ ಮಾಡಿದವರ ಸಣ್ಣ ಕಿರೀಟದ ಮುದ್ರೆಗಳನ್ನೂ ಹುಡುಕಿ. ಅಸಲಿ ಕಾರ್ಖಾನೆಯ ರೈಫಲ್‌ನಲ್ಲಿ ಅವು ಸಣ್ಣ ಭಾಗಗಳ ಮೇಲೂ ಇರುತ್ತವೆ. ನಕಲಿನಲ್ಲಿ ಎದ್ದು ಕಾಣುವ ದೊಡ್ಡ ಗುರುತು ಮಾತ್ರ ಇರುತ್ತದೆ.

ನೇಪಾಳದ ಕೋವಿಗಳನ್ನು ಇವುಗಳ ಜೊತೆ ಸೇರಿಸಬೇಡಿ. 2003ರಲ್ಲಿ ಕಾಠ್ಮಂಡುವಿನ ಲಗನ್ ಸಿಲೆಖಾನದ ಹಳೆ ಶಸ್ತ್ರಾಗಾರ ಅಮೆರಿಕದ ವ್ಯಾಪಾರಿಗಳ ಕೈಗೆ ಬಂತು. ಅದರಲ್ಲಿ ಕಂಪನಿಯ ಕೋವಿಗಳೂ ಇದ್ದವು, ನೇಪಾಳದಲ್ಲೇ ತಯಾರಾದವೂ ಇದ್ದವು. ದೇವನಾಗರಿ ಅಂಕಿ ಇದ್ದರೆ ಗಾಬರಿ ಬೇಡ. ಅದು ಆ ಸೇನೆಯ ಗುರುತು. ಮಾರ್ಟಿನಿಯಂತೆ ಕಾಣುವ ‘ಗಹೇಂದ್ರ’ ರೈಫಲ್ ನೇಪಾಳದ್ದೇ ಬೇರೆ ತಯಾರಿಕೆ, ಅದಕ್ಕೆ ಅದರದ್ದೇ ಗೌರವ ಇದೆ.

‘ಟಿಪ್ಪುವಿನ ಕೋವಿ’ ಎಂದು ಯಾರಾದರೂ ಅಂದರೆ

ಟಿಪ್ಪುವಿನ ಹೆಸರು ಸೇರಿದ ಕೂಡಲೇ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಲಂಡನ್ನಿನಲ್ಲಿ 2015ರ ಏಪ್ರಿಲ್‌ನಲ್ಲಿ ನಡೆದ ಬಾನಮ್ಸ್ ಹರಾಜಿನಲ್ಲಿ ಟಿಪ್ಪು ಕಾಲದ ಆಯುಧಗಳ ಒಂದು ಸಂಗ್ರಹ ಸುಮಾರು 60 ಲಕ್ಷ ಪೌಂಡ್ ತಂದಿತು. ಅಂದಮೇಲೆ ಯಾವುದೋ ಹಳೆ ಬತ್ತಿ ಕೋವಿಗೆ ಹುಲಿಪಟ್ಟೆ ಕೆತ್ತುವ ಆಸೆ ಹುಟ್ಟದೆ ಇರುತ್ತದೆಯೇ?

ಹುಲಿಪಟ್ಟೆ ಇದೆ ಎಂಬುದೊಂದೇ ಸಾಕ್ಷಿ ಆಗುವುದಿಲ್ಲ. ಇಸವಿ ಇದ್ದರೆ ಲೆಕ್ಕ ಹಾಕಿ. ಟಿಪ್ಪು ತನ್ನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಹಿಜರಿ ಬಳಸಿದ. ಆಮೇಲೆ 1787ರ ಸುಮಾರಿಗೆ ಮೌಲೂದಿ ಎಂಬ ಬೇರೆ ಎಣಿಕೆ ತಂದ. ಅವನ ನಾಣ್ಯಗಳಲ್ಲಿ ಮೌಲೂದಿ ವರ್ಷ 1215ರಿಂದ 1227ರವರೆಗೆ ಸಿಗುತ್ತದೆ, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1799ರ ಮೇ 4ಕ್ಕೆ ಅವನ ಆಳ್ವಿಕೆ ಮುಗಿಯಿತು. ಹಾಗಾಗಿ 1227 ದಾಟಿದ ಮೌಲೂದಿ ಇಸವಿ ಟಿಪ್ಪುವಿನದಾಗಲಾರದು. ಈ ಆಯುಧಗಳಿಗೆ ಕಾಗದಪತ್ರ ಬಹಳ ಮುಖ್ಯ. ಶ್ರೀರಂಗಪಟ್ಟಣದ ಲೂಟಿಯಿಂದ ಯಾರ ಕೈಗೆ ಹೋಯಿತು, ಯಾವ ಮನೆಯಲ್ಲಿತ್ತು, ಯಾವಾಗ ಮಾರಾಟವಾಯಿತು ಎಂಬ ಸರಪಳಿ ಇಲ್ಲದಿದ್ದರೆ ಅದನ್ನು ‘ಮೈಸೂರು ಕಡೆಯ ಕೋವಿ ಇರಬಹುದು’ ಅಂತಷ್ಟೇ ಕರೆಯಿರಿ, ಅಷ್ಟಕ್ಕೇ ಬೆಲೆ ಕೊಡಿ.

ಹೋಲಿಕೆ, ಕಾಗದ, ಕಾನೂನು

ಲೀಡ್ಸ್‌ನಲ್ಲಿರುವ ರಾಯಲ್ ಆರ್ಮರೀಸ್ ತನ್ನ ಸಂಗ್ರಹದ ಫೋಟೋಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ನೀವು ತೆಗೆದ ಮುದ್ರೆಯ ಫೋಟೋವನ್ನು ಅದರ ಪಕ್ಕದಲ್ಲಿಟ್ಟು ಕಿರೀಟದ ಆಕಾರ, ಅಕ್ಷರದ ಕಾಲುಗಳು, ನಡುವಿನ ಅಂತರ ಒಂದೊಂದಾಗಿ ನೋಡಿ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಂಥ ಕಡೆ ಹೋದಾಗ ಅಸಲಿ ಸವಕಳಿ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸ ಮಾಡಿಸಿ. ಕೊಳ್ಳುವಾಗ ಮಾರುವವರು ಬಾಯಲ್ಲಿ ಹೇಳಿದ್ದನ್ನೆಲ್ಲ ಬಿಲ್ಲಿನಲ್ಲಿ ಬರೆಸಿ: ಯಾವ ಕಾಲ, ಯಾವ ಭಾಗ ಬದಲಾಗಿದೆ, ಮುದ್ರೆಗಳು ಅಸಲಿಯೇ. ಬರೆಯಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಂತೆಯೇ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಕೋವಿಯ ಮೇಲಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದು, ತಿದ್ದುವುದು, ನಕಲಿ ಹಾಕುವುದು ಆ ಕಾಯ್ದೆಯಲ್ಲಿ ಅಪರಾಧ. ರಿಪೇರಿ ಮಾಡಿದರೂ ಹಾರಿಸಲು ಬಾರದ ಪುರಾತನ ಆಯುಧಗಳಿಗೆ ವಿನಾಯಿತಿ ಇದೆ. ಆದರೆ ನಿಮ್ಮ ಕೋವಿ ಅದರೊಳಗೆ ಬರುತ್ತದೆಯೇ ಎಂದು ನೀವೇ ತೀರ್ಮಾನ ಮಾಡಬೇಡಿ. ಕೊಳ್ಳುವ ಮುಂಚೆ ಜಿಲ್ಲಾಧಿಕಾರಿ ಕಚೇರಿಯ ಲೈಸೆನ್ಸ್ ವಿಭಾಗದಲ್ಲಿ ಕೇಳಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ಅಲ್ಲಿನ ಸಾಂಪ್ರದಾಯಿಕ ಭೂಮಿಯ ಹಿಡುವಳಿದಾರರಿಗೂ ಬೇರೆ ವಿನಾಯಿತಿ ಇದೆ, ಅದರ ಪತ್ರವೂ ಅಲ್ಲೇ ಸಿಗುತ್ತದೆ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಸೇರುತ್ತದೆ. ಅವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಹೊರದೇಶದಲ್ಲಿರುವ ನೆಂಟರಿಗೆ ಉಡುಗೊರೆ ಕೊಡಲು ಮನಸ್ಸಾದರೂ ಆಗದು.

ಮನೆಯಲ್ಲೇ ಅಜ್ಜನ ಕಾಲದ ಕೋವಿ ಇರುವವರಿಗೆ ಒಂದು ಕಳಕಳಿಯ ಮಾತು. ಆಯುಧಪೂಜೆ, ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ಕೋವಿಯನ್ನು ಉಪ್ಪುಕಾಗದದಿಂದ ಉಜ್ಜಿ ಫಳಫಳ ಮಾಡುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಅಸಲಿ ಮುದ್ರೆಯ ಮೊದಲ ಶತ್ರು ಉಪ್ಪುಕಾಗದ. ಒಣ ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ಸಾಕು. ಕುಂಕುಮವನ್ನು ಮುದ್ರೆಯ ಮೇಲೆ ಹಚ್ಚದೆ ಮರದ ಹಿಡಿಗೆ ಹಚ್ಚಿ, ಪೂಜೆ ಮುಗಿದ ಮೇಲೆ ಒರೆಸಿಬಿಡಿ. ಎಲ್ಲ ಗುರುತುಗಳ ಫೋಟೋವನ್ನು ಓರೆ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ತೆಗೆದುಕೊಳ್ಳಿ. ಕೋವಿ ಯಾರಿಂದ ಯಾರಿಗೆ ಬಂತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದು, ತಾರೀಖು ಹಾಕಿ, ಲೈಸೆನ್ಸ್ ಅಥವಾ ವಿನಾಯಿತಿ ಪತ್ರದ ಜೊತೆ ಅದೇ ಫೈಲಿನಲ್ಲಿ ಇಡಿ.